ಚಿಕ್ಕಮಾವನ ಪ್ಲೇಟುಗಳಿಗೆ ನಾನು ಸೀಗೇಕಾಯಿ ಹಾಕಿದ್ದು

ಒಂದು ಪ್ರಶ್ನೆ ಕೇಳ್ತೀನಿ, ನಾಚ್ಕೊಳ್ಳದೆ ಹೇಳಿ. ಹೊಸದಾಗಿ ಸೇರಿದ ಮನೇಲಿ ಒಳ್ಳೆ ಹೆಸರು ತಗೊಳ್ಳೋಣ ಅಂತ ಹೋಗಿ, ಆ ಮನೆಯವರೊಬ್ಬರ ಹೊಟ್ಟೆಪಾಡನ್ನೇ ಸೀಗೇಕಾಯಿ ಪುಡಿ ಹಾಕಿ ತೊಳೆದು, ಪಾತ್ರೆ ಸ್ಟ್ಯಾಂಡಲ್ಲಿ ಒಣಗಕ್ಕೆ ಇಟ್ಟಿದ್ದು ನಿಮಗ್ಯಾರಿಗಾದ್ರೂ ಆಗಿದ್ಯಾ? ಇಲ್ವಾ? ಹಂಗಾದ್ರೆ ನೀವು ಪುಣ್ಯವಂತರು. ನಾನಲ್ಲ.

ತೊಂಬತ್ತೊಂಬತ್ತನೇ ಇಸವಿ ಇರ್ಬೇಕು. ನಾನು ಮದುವೆಯಾಗಿ ಮೈಸೂರಿಂದ ಚೆನ್ನೈಗೆ, ಪೆರಂಬೂರಿಗೆ ಬಂದು ಐದು ತಿಂಗಳಾಗಿತ್ತು. ಮನೇಲಿ ಅತ್ತೆ, ಮಾವ, ನನ್ನ ಗಂಡ, ಮತ್ತೆ ಮಾವನ ತಮ್ಮ, ಅಂದ್ರೆ ನಂಗೆ ಚಿಕ್ಕಮಾವ. ಮೂರು ತಲೆಮಾರಿಂದ ಅಲ್ಲೇ ಇರೋ ಕನ್ನಡದವರು. ಅವರ ಮಾತು ಹೆಂಗೆ ಅಂದ್ರೆ ಕನ್ನಡದಲ್ಲಿ ಬಸ್ ಹತ್ತಿ ತಮಿಳಲ್ಲಿ ಇಳಿಯುತ್ತೆ. "ಸೀಕ್ರಂ ಬಾರೇ, ಅನ್ನ ಆರೋಗ್ತಿದೆ" ಅಂತ ಅತ್ತೆ ಕೂಗಿದ್ರೆ, ಮೊದಲನೇ ವಾರ ನಾನು ಸೀಕ್ರಂ ಅನ್ನೋ ಪಲ್ಯ ಎಲ್ಲಿದೆ ಅಂತ ಪಾತ್ರೆ ಪಾತ್ರೆ ಮುಚ್ಚಳ ತೆಗೆದು ನೋಡಿದ್ದೆ. ಬೇಗ ಬಾ ಅಂತಿದ್ರು ಅಷ್ಟೇ.

ಮಾವ ರೈಲ್ವೆ ವರ್ಕ್‌ಶಾಪಲ್ಲಿ ಗಾಲಿ ಸೆಕ್ಷನ್ನು. ಸವೆದು ಬಂದ ರೈಲಿನ ಗಾಲಿನ ಲೇತಿಗೆ ಹಾಕಿ ಸರಿ ಮಾಡೋ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿ ಮಾಡಿ, ಮನೇಲಿ ದೋಸೆ ಬಂದ್ರೂ ಒಂದು ಕಣ್ಣು ಮುಚ್ಚಿ ನೋಡೋರು. "ಈ ಕಡೆ ಒಂಚೂರು ಔಟ್ ಇದೆ" ಅನ್ನೋರು, ರೌಂಡ್ ಸರಿಯಿಲ್ಲ ಅಂತ. ಅತ್ತೆ ಸೌಟು ತೋರಿಸಿ, "ಔಟ್ ಇದ್ರೆ ಶಾಪಿಗೆ ಹೊತ್ಕೊಂಡು ಹೋಗಿ, ಇಲ್ಲಾಂದ್ರೆ ತಿನ್ನಿ" ಅನ್ನೋರು.

ಚಿಕ್ಕಮಾವಂದು ಬೇರೆನೇ ಕಥೆ. ಎಂಬತ್ತರ ಶುರುವಿನಲ್ಲಿ, ಮೌಂಟ್ ರೋಡಿನ ಕಡೆ ಒಂದು ಹೋಟೆಲಿನ ನೆಲಮಾಳಿಗೇಲಿ ಡಿಸ್ಕೋ ಅಂತ ಶುರುವಾದಾಗ ಅಲ್ಲಿ ಹಾಡು ಹಾಕ್ತಿದ್ದವರು ಇವರೇ. ಆಗ ಡೀಜೆ ಅಂದ್ರೆ ಏನು ಅಂತ ಆ ಹೋಟೆಲಿನವರಿಗೂ ಸರಿಯಾಗಿ ಗೊತ್ತಿರ್ಲಿಲ್ವಂತೆ. ಸಂಬಳದ ಪುಸ್ತಕದಲ್ಲಿ ಇವರ ಹೆಸರು ಎಲೆಕ್ಟ್ರಿಷಿಯನ್ನರ ಜೊತೆ ಇತ್ತಂತೆ. ಅಣ್ಣ ಕಷ್ಟಪಟ್ಟು ಕೊಡಿಸಿದ್ದ ರೈಲ್ವೆ ಅಪ್ರೆಂಟಿಸ್ ಬಿಟ್ಟು ಓಡಿಹೋದೋರು ಇವರು. ರೆಕಾರ್ಡಿಗೆ ಬರ್ಮಾ ಬಜಾರಿನ ಅಂಗಡಿಗಳು, ಹಡಗಿನ ಕೆಲಸದವರ ಸ್ನೇಹ. ಕೋಡಂಬಾಕ್ಕಂನ ಯಾವುದೋ ಸ್ಟುಡಿಯೋದ ಸೌಂಡ್ ಅಸಿಸ್ಟೆಂಟ್ ಹತ್ರ ಎರಡು ಪ್ಲೇಯರನ್ನ ಒಂದಕ್ಕೊಂದು ಸೇರಿಸೋ ಪೆಟ್ಟಿಗೆ ಮಾಡಿಸ್ಕೊಂಡಿದ್ರು. ಒಂದು ಹಾಡು ನಿಲ್ಲದೇನೇ ಇನ್ನೊಂದು ಶುರುವಾಗೋದು ಮದ್ರಾಸಿಗೆ ತೋರಿಸಿದ್ದೇ ನಾನು ಅಂತ ಹೇಳ್ಕೊಳ್ಳೋರು. ಹೌದೋ ಅಲ್ವೋ ನಂಗೊತ್ತಿಲ್ಲ. ಇಲ್ಲ ಅನ್ನೋರು ಯಾರೂ ಇನ್ನೂ ಸಿಕ್ಕಿಲ್ಲ.

ಪ್ಲೇಟು, ಅಂದ್ರೆ ಈ ರೆಕಾರ್ಡು, ಕೈಗೆ ಜಾರ್ಬೇಕು ಅಂದ್ರೆ ಅದರ ಕೆಳಗೆ ನುಣುಪಾದ ಬಟ್ಟೆ ಇರ್ಬೇಕು. ಆಗ ಅಂಥದ್ದು ಅಂಗಡೀಲಿ ಎಲ್ಲಿ ಸಿಗ್ತಿತ್ತು? ಅತ್ತೆಯ ಮದುವೆ ಕಾಂಚೀಪುರಂ ಸೀರೆಯ ಬ್ಲೌಸ್ ಪೀಸು ಒಂದಿನ ಬೀರುವಿಂದ ಮಾಯ ಆಯ್ತು. ಎಂಟು ವರ್ಷ ಆದ್ಮೇಲೆ ಎರಡು ರೌಂಡು ತುಂಡಾಗಿ ಚಿಕ್ಕಮಾವನ ಪೆಟ್ಟಿಗೇಲಿ ಸಿಕ್ತು. "ಅತ್ತಿಗೆ, ಅದರ ಮೇಲೆ ಸಾವಿರಾರು ಜನ ಕುಣಿದಿದಾರೆ, ನೀವು ಹಾಕ್ಕೊಂಡಿದ್ರೆ ನಾಲ್ಕು ಮದುವೆಗೆ ಹೋಗ್ತಿತ್ತು" ಅಂದ್ರಂತೆ. ಅತ್ತೆ ಒಂದು ವಾರ ಮೈದುನನಿಗೆ ಕಾಫಿ ಕೊಡ್ಲಿಲ್ಲ.

ಈ ಡಿಸ್ಕೋ ಬರೀ ರಾತ್ರಿ ವ್ಯವಹಾರ ಅಂತ ತಿಳ್ಕೋಬೇಡಿ. ಇವರು ಹೆಸರು ಮಾಡಿದ್ದು ಭಾನುವಾರ ಮಧ್ಯಾಹ್ನದ ಜಾಮ್ ಸೆಷನ್ನಲ್ಲಿ, ಅಂದ್ರೆ ಹಗಲು ಹೊತ್ತಿನ ಡ್ಯಾನ್ಸಲ್ಲಿ. ಮೂರು ಗಂಟೆಗೆ ಶುರು. ಕಾಲೇಜು ಹುಡುಗೀರು ಮಲ್ಲಿಗೆ ಮುಡ್ಕೊಂಡು, ಕಂಬೈನ್ಡ್ ಸ್ಟಡಿ ಅಂತ ಮನೇಲಿ ಹೇಳಿ ಬರೋರು. ಕತ್ತಲಾಗೋದ್ರೊಳಗೆ ಮನೆ ಸೇರ್ಬೇಕು. ಅದಕ್ಕೇ ಚಿಕ್ಕಮಾವ ಐದೂ ಮುಕ್ಕಾಲಿಗೆ ಪ್ರತಿ ವಾರ ಅದೇ ಒಂದು ನಿಧಾನದ ಹಾಡು ಹಾಕೋರು. ಅದು ಕೇಳಿದ ತಕ್ಷಣ ಅರ್ಧ ಮದ್ರಾಸು ಚಪ್ಪಲಿ ಹುಡುಕೋದು.

ಇಷ್ಟೆಲ್ಲಾ ಆದ್ರೂ ಅಣ್ಣನ ಬಾಯಲ್ಲಿ ಅದು ಯಾವತ್ತೂ ಕೆಲಸ ಆಗ್ಲೇ ಇಲ್ಲ. ಯಾರಾದ್ರೂ ಕೇಳಿದ್ರೆ "ತಮ್ಮ ಹೋಟೆಲ್ ಲೈನಲ್ಲಿದಾನೆ" ಅನ್ನೋರು. ಹೆಣ್ಣು ಕೊಡೋರು ಇವನು ಸರ್ವರ್ರೋ ಅಡುಗೆಯವನೋ ಅಂತ ಯೋಚನೆ ಮಾಡಿ ಮಾಡಿ ವಾಪಸ್ ಹೋಗೋರು. ಚಿಕ್ಕಮಾವನ ಮದುವೆ ಆಗ್ಲೇ ಇಲ್ಲ.

ಪ್ರತಿ ವರ್ಷ ಆಯುಧಪೂಜೆಗೆ ಒಂದು ಸಣ್ಣ ನಾಟಕ ನಡೀತಿತ್ತಂತೆ. ಮಾವನ ಸ್ಪ್ಯಾನರು, ಅಳತೆ ಸಾಮಾನು, ಅತ್ತೆಯ ಈಳಿಗೆಮಣೆ, ಹೊಲಿಗೆ ಮೆಷಿನ್ನು, ನನ್ನ ಗಂಡನ ಬ್ಯಾಂಕಿನ ಪೆನ್ನು, ಎಲ್ಲಾ ದೇವರ ಮುಂದೆ. ಚಿಕ್ಕಮಾವ ಒಂದೇ ಒಂದು ರೆಕಾರ್ಡು ತಂದು ಮೂಲೇಲಿ ಇಡೋರು. ಮಾವ ಅದನ್ನ ಎತ್ತಿ ಆಚೆ ಇಡೋರು. "ಇಲ್ಲಿ ಆಯುಧ ಮಾತ್ರ. ಆಟದ ಸಾಮಾನು ಇಡಬಾರ್ದು." ಹತ್ತು ವರ್ಷ ಹೀಗೇ ಆಗಿ, ಆಮೇಲೆ ಚಿಕ್ಕಮಾವ ಇಡೋದನ್ನೇ ಬಿಟ್ರು.

ಇದ್ಯಾವ್ದೂ ಆಗ ನಂಗೆ ಗೊತ್ತಿರ್ಲಿಲ್ಲ, ನೋಡಿ. ಅಲ್ಲೇ ಎಡವಟ್ಟು ಆಗಿದ್ದು.

ನಾನು ಬರೋ ಹೊತ್ತಿಗೆ ಆ ನೆಲಮಾಳಿಗೆ ಮುಚ್ಚಿ ವರ್ಷಗಳಾಗಿತ್ತು. ಹೊಸ ಹೊಸ ಹುಡುಗರು ಸೀಡಿ ಇಟ್ಕೊಂಡು ಬಂದಿದ್ರು. ಚಿಕ್ಕಮಾವ ಶಾಲೆ ವಾರ್ಷಿಕೋತ್ಸವಕ್ಕೆ ಮೈಕ್ ಸೆಟ್ ಹಾಕ್ಕೊಂಡು, "ಹಲೋ ಹಲೋ ಮೈಕ್ ಟೆಸ್ಟಿಂಗ್" ಅಂದ್ಕೊಂಡು ಇದ್ರು. ಅಂಥದ್ರಲ್ಲಿ ಬೇರೆ ಒಂದು ಹೋಟೆಲಿನ ಮ್ಯಾನೇಜರು ಕರೆಸಿದಾರೆ. "ಆಯುಧಪೂಜೆ ರಜಾ ದಿನ, ಮೂರು ಗಂಟೆಗೆ. ಹಳೇ ಡಿಸ್ಕೋ, ಹಳೇ ರೆಕಾರ್ಡೇ ಬೇಕು. ಪ್ಲೇಟ್ ಸುತ್ತೋದು ನೋಡಕ್ಕೇ ಜನ ಬರ್ತಾರೆ ಸಾರ್. ಹಾಲ್ ತುಂಬಿದ್ರೆ ಪ್ರತಿ ಭಾನುವಾರ ನಿಮ್ದು. ತುಂಬಲಿಲ್ಲಾಂದ್ರೆ ಅಲ್ಲಿ ಬಫೆ ಮಾಡ್ತೀವಿ." ಒಂದೇ ಮಧ್ಯಾಹ್ನ. ಒಂದೇ ಚಾನ್ಸು. ಚಿಕ್ಕಮಾವ ಒಂದು ವಾರ ಸರಿಯಾಗಿ ಊಟ ಮಾಡ್ಲಿಲ್ಲ. ಶೇವ್ ಮಾತ್ರ ದಿನಕ್ಕೆರಡು ಸಲ ಮಾಡಿದ್ರು.

ಹಬ್ಬದ ಹಿಂದಿನ ದಿನ ಅತ್ತೆ, "ಮನೇಲಿ ಕೆಲಸದ ಸಾಮಾನು ಏನೇನಿದ್ಯೋ ಎಲ್ಲಾ ತೊಳ್ದಿಡೇ" ಅಂದು ಮಾರ್ಕೆಟ್ಟಿಗೆ ಹೋದ್ರು. ಎಲ್ಲಾ ಅಂದ್ರು. ನಾನು ಎಲ್ಲಾ ತೊಳೆದೆ. ಈಳಿಗೆಮಣೆ ತೊಳೆದೆ, ಸುತ್ತಿಗೆ ತೊಳೆದೆ. ಚಿಕ್ಕಮಾವ ಮನೇಲಿರ್ಲಿಲ್ಲ, ಅವರ ರೂಮಲ್ಲಿ ಎರಡು ಪೆಟ್ಟಿಗೆ ರೆಕಾರ್ಡು. ಮೇಲೆ ಇಷ್ಟು ಧೂಳು. ಪಾಪ, ಇದೇ ಅಲ್ವಾ ಅವರ ಕೆಲಸದ ಸಾಮಾನು ಅಂತ ಒಂದೊಂದನ್ನೇ ಕವರಿಂದ ತೆಗೆದು, ಸೀಗೇಕಾಯಿ ನೀರಲ್ಲಿ ಅದ್ದಿ, ಹಳೇ ಪಂಚೆಯಲ್ಲಿ ಒರೆಸಿ, ಊಟದ ತಟ್ಟೆ ಇಡೋ ಸ್ಟ್ಯಾಂಡಲ್ಲಿ ಸಾಲಾಗಿ ನಿಲ್ಲಿಸಿದೆ. ಜಾಗ ಸಾಲದೆ ಒಂದನ್ನ ತಾರಸಿ ಮೇಲೆ ಬಿಸಿಲಿಗೆ ಇಟ್ಟೆ. ಅದು ಹಪ್ಪಳ ಆಯ್ತು. ಸುಳ್ಳಲ್ಲ, ಅಂಚು ಎದ್ದು ನಿಜವಾಗ್ಲೂ ಹಪ್ಪಳ. ಅದನ್ನ ಮೆಲ್ಲಗೆ ಮಂಚದ ಕೆಳಗೆ ತಳ್ಳಿದೆ. ಒಣಗಿದ್ದನ್ನೆಲ್ಲಾ ಕೈಗೆ ಸಿಕ್ಕಿದ ಕವರಿಗೆ ಹಾಕಿದೆ. ಯಾವ ಕವರಿಗೆ ಯಾವ್ದು ಅಂತ ಇರುತ್ತೆ ಅನ್ನೋದು ತಲೆಗೇ ಬರ್ಲಿಲ್ಲ. ತಲೆದಿಂಬಿನ ಕವರಿಗೆ ಹೆಂಗೋ ಹಂಗೆ.

ಚಿಕ್ಕಮಾವ ಹಬ್ಬದ ದಿನ ಬೆಳಗ್ಗೆ ಆರಕ್ಕೇ ವೈರು ಜೋಡಿಸಕ್ಕೆ ಹೋಟೆಲಿಗೆ ಹೋಗಿದ್ರು. ನಾನು ಮಡಿಯುಟ್ಟು, ರೆಕಾರ್ಡನ್ನೆಲ್ಲಾ ಮತ್ತೆ ತೆಗೆದು ದೇವರ ಮುಂದೆ ಜೋಡಿಸಿ, ಮಧ್ಯದ ಕಾಗದದ ಮೇಲೆ ಒಂದೊಂದಕ್ಕೂ ದಪ್ಪಗೆ ಗಂಧ, ಅದರ ಮೇಲೆ ಕುಂಕುಮ ಇಟ್ಟೆ. ಎರಡೂ ಕಡೆ. ಕೈ ನೋವು ಬಂತು.

ಮಾವ ಮಂಗಳಾರತಿ ತಟ್ಟೆ ಹಿಡ್ಕೊಂಡು ಬಂದು ನಿಂತ್ಬಿಟ್ರು.

"ಇದ್ಯಾರು ಇಟ್ಟಿದ್ದು?"

"ನಾನೇ ಮಾವ. ಚಿಕ್ಕಮಾವನ ಕೆಲಸದ ಸಾಮಾನು."

ಅತ್ತೆ ಸೆರಗು ಬಾಯಿಗೆ ಇಟ್ಕೊಂಡ್ರು. ಅಳು ಅಂತ ನಾನಂದ್ಕೊಂಡೆ, ನಗು. ಮಾವನ ಮುಖ ನೋಡ್ಬೇಕಿತ್ತು. ತೆಗೆದು ಆಚೆ ಇಡಣ ಅಂದ್ರೆ ಗಂಧ ಕುಂಕುಮ ಬಿದ್ದಾಗಿದೆ. ಹೊಸ ಸೊಸೆ ಮಾಡಿದ ಮೊದಲನೇ ಪೂಜೆ ಬೇರೆ. ಹಲ್ಲು ಕಚ್ಚಿ ಆರತಿ ಎತ್ತಿದ್ರು. ಅಷ್ಟು ಕೋಪದಲ್ಲಿ ಆರತಿ ಎತ್ತಿದ್ದನ್ನ ನಾನು ಇವತ್ತಿನವರೆಗೂ ಬೇರೆಲ್ಲೂ ನೋಡಿಲ್ಲ.

ಹನ್ನೆರಡೂವರೆಗೆ ಚಿಕ್ಕಮಾವ ಪೆಟ್ಟಿಗೆ ತಗೊಂಡು ಹೋಗಕ್ಕೆ ಬಂದ್ರು. ರೂಮಿಗೆ ಹೋದ್ರು. ಖಾಲಿ ಪೆಟ್ಟಿಗೆ ನೋಡಿ ಆಚೆ ಬಂದ್ರು. ದೇವರ ಮುಂದೆ ಹೂವು ಹಾಕಿಸ್ಕೊಂಡು ಕೂತಿರೋ ತಮ್ಮ ರೆಕಾರ್ಡುಗಳನ್ನ ನೋಡಿದ್ರು. ಬಗ್ಗಿ ಒಂದಕ್ಕೆ ಕೈ ಹಾಕಕ್ಕೆ ಹೋದ್ರು.

"ಮುಟ್ಟಬೇಡ" ಅಂದ್ರು ಮಾವ.

ಆ ಮನೆ ನಿಯಮ ಅದು. ವರ್ಕ್‌ಶಾಪಿನ ನಿಯಮಾನೂ ಅದೇ. ಪೂಜೆ ಮಾಡಿದ ಆಯುಧಕ್ಕೆ ಅವತ್ತು ರಜಾ. ಮಾರನೇ ದಿನ ವಿಜಯದಶಮಿ ಪೂಜೆ ಆಗೋವರೆಗೂ ಯಾರೂ ಮುಟ್ಟೋ ಹಂಗಿಲ್ಲ. ಅವತ್ತು ಈಳಿಗೆಮಣೆನೂ ಮುಟ್ಟಲ್ಲ ಅಂತ ಅತ್ತೆ ತರಕಾರಿ ಹಿಂದಿನ ದಿನಾನೇ ಹೆಚ್ಚಿಟ್ಟಿದ್ರು.

"ಅಣ್ಣಯ್ಯ, ಮೂರು ಗಂಟೆಗೆ ನಂದು..."

"ಗೊತ್ತು. ನೋಡೋ, ನೀನೇ ಹೇಳ್ಬಿಡು. ಆಟದ ಸಾಮಾನಾ, ಈಗ್ಲೇ ಎತ್ಕೊಂಡು ಹೋಗು, ನಾನು ತಡಿಯಲ್ಲ. ಆಯುಧಾನಾ, ನಾಳೆವರೆಗೂ ಮುಟ್ಟಬಾರ್ದು. ಎರಡರಲ್ಲಿ ಒಂದು ಹೇಳು."

ನಂಗೆ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಒಂದು ಮಾತು. ಆಟದ ಸಾಮಾನು ಅಂದ್ಬಿಟ್ರೆ ಮುಗೀತು, ಪೆಟ್ಟಿಗೆ ತುಂಬ್ಕೊಂಡು ಆಟೋ ಹತ್ತಬಹುದು. ಚಿಕ್ಕಮಾವ ಆ ಕುಂಕುಮ ಇಟ್ಟ ಪ್ಲೇಟುಗಳನ್ನ ಎಷ್ಟೋ ಹೊತ್ತು ನೋಡಿದ್ರು. ಆಮೇಲೆ ಶೂ ಬಿಚ್ಚಿದ್ರು.

"ಆಯುಧಾನೇ ಅಣ್ಣಯ್ಯ" ಅಂದ್ರು. "ಅತ್ತಿಗೆ, ಊಟ ಹಾಕಿ."

ಕೂತ್ರು. ಅನ್ನಕ್ಕೆ ಸಾಂಬಾರು ಕಲಸಿದ್ರು. ತಿಂದ್ರು. ನಾನು ಬಡಿಸ್ತಾ ಇದೀನಿ, ಕಣ್ಣಲ್ಲಿ ನೀರು, ಹಪ್ಪಳ ಬಡಿಸಕ್ಕೆ ಮಾತ್ರ ಧೈರ್ಯ ಬರ್ಲಿಲ್ಲ. ಮಾವ ವರಾಂಡದಲ್ಲಿ ಆ ಕಡೆಯಿಂದ ಈ ಕಡೆ ಓಡಾಡ್ತಾ ಇದ್ರು. ಗೆದ್ದವರ ನಡಿಗೆ ಅಲ್ಲ ಅದು.

ಆಗ ನಂಗೆ ಬಾಗಿಲಾಚೆ ನಿಂತಿದ್ದ ಸ್ಕೂಟರು ಕಾಣಿಸ್ತು. ಹಾರ, ಕುಂಕುಮ, ಚಕ್ರದ ಹತ್ರ ಚಪ್ಪಟೆಯಾದ ನಿಂಬೆಹಣ್ಣು.

"ಮಾವ, ಸ್ಕೂಟರಿಗೆ ಬೆಳಗ್ಗೆ ಪೂಜೆ ಮಾಡಿ, ಆಮೇಲೆ ಅದ್ರಲ್ಲೇ ಹೋಗಿ ಬಾಳೆಎಲೆ ತಂದ್ರಲ್ಲ?"

"ಅದು ಗಾಡಿ ಕಣಮ್ಮ. ಗಾಲಿ ಇರೋದಕ್ಕೆ ನಿಂಬೆಹಣ್ಣು ಕೊಟ್ಟು ಓಡಿಸ್ಲೇಬೇಕು. ನಿಲ್ಲಿಸಬಾರ್ದು. ಇವತ್ತು ರೈಲು ಓಡ್ತಾ ಇಲ್ವಾ?"

ನಾನೇನು ಯೋಚನೆ ಮಾಡಿ ಮಾಡ್ಲಿಲ್ಲ. ಸೀದಾ ಹೋಗಿ ಒಂದು ರೆಕಾರ್ಡು ಎತ್ಕೊಂಡು, ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಉರುಳಿಸಿದೆ. ಅದು ಹಾಲಿನುದ್ದಕ್ಕೂ ಉರುಳ್ಕೊಂಡು ಹೋಗಿ ಮಾವನ ಕಾಲಿಗೆ ತಾಗಿ ಮಲಗ್ತು.

"ಇದೂ ಗಾಲಿನೇ ಅಲ್ವಾ ಮಾವ?"

ಅತ್ತೆ "ಅಯ್ಯೋ ಕಡವುಳೇ" ಅಂತ ದೇವರನ್ನ ಕರೆದ್ರು. ಚಿಕ್ಕಮಾವ ತುತ್ತು ಎತ್ತಿದ ಕೈ ಅಲ್ಲೇ ನಿಲ್ಲಿಸಿದ್ರು. ಮಾವ ಅದನ್ನ ಎತ್ತಿಕೊಂಡ್ರು. ಒಂದು ಕಣ್ಣು ಮುಚ್ಚಿ ಅಂಚು ನೋಡಿದ್ರು. ಬೆರಳ ತುದಿ ಮೇಲೆ ತಿರುಗಿಸಿದ್ರು.

"ನಿಮಿಷಕ್ಕೆ ಎಷ್ಟು ಸುತ್ತೋ ಇದು?"

"ಮೂವತ್ತಮೂರು ಚಿಲ್ಲರೆ ಅಣ್ಣಯ್ಯ."

"ಸೆಂಟರ್ ಚೆನ್ನಾಗಿದೆ" ಅಂದ್ರು ಮಾವ. ಇಪ್ಪತ್ತು ವರ್ಷದಲ್ಲಿ ತಮ್ಮನ ಕೆಲಸದ ಬಗ್ಗೆ ಅವರಾಡಿದ ಮೊದಲ ಒಳ್ಳೆ ಮಾತು ಅದೇ. ಆಮೇಲೆ ಅಡುಗೆಮನೆ ಕಡೆ ತಿರುಗಿ, "ಏ, ನಿಂಬೆಹಣ್ಣು ತಾರೇ!"

ರೆಕಾರ್ಡಲ್ಲಿ ನಿಂಬೆಹಣ್ಣು ಜಜ್ಜಕ್ಕಾಗುತ್ತಾ? ಮೊದಲನೇದು ಛಂಗಂತ ಹಾರಿ ಬೀರು ಕೆಳಗೆ ಹೋಯ್ತು. ಎರಡನೇದು ಚಿಕ್ಕಮಾವನ ಸಾಂಬಾರಿಗೆ ಬಿತ್ತು. ಕೊನೆಗೆ ಅತ್ತೆ, "ರೈಲು ಗಾಲಿ ಮಾಡೋರು, ಒಂದು ನಿಂಬೆಹಣ್ಣು ಗೆಲ್ಲಕ್ಕಾಗಲ್ಲ" ಅಂತ ಬೈದು, ಮೂರನೇದನ್ನ ಕಾಲಲ್ಲಿ ಮೊದಲೇ ತುಳಿದು ಚಪ್ಪಟೆ ಮಾಡಿ ಇಟ್ರು. ಗಾಲಿ ಅದರ ಮೇಲೆ ಉರುಳ್ತು. ಶಾಸ್ತ್ರ ಮುಗೀತು. ನಾನು ಅವಸರದಲ್ಲಿ ರೆಕಾರ್ಡನ್ನೆಲ್ಲಾ ಮತ್ತೆ ಕೈಗೆ ಸಿಕ್ಕಿದ ಕವರಿಗೆ ಹಾಕಿ ಪೆಟ್ಟಿಗೆ ತುಂಬಿದೆ.

ಪೂಜೆ ಆದ ಸಾಮಾನು, ಮಡಿಯಲ್ಲಿ ಇರೋರೇ ಎತ್ತಬೇಕು ಅಂತ ಮಾವ ಪೆಟ್ಟಿಗೆ ತಾವೇ ಹೊತ್ರು. ಅದು ಯಾವ ಶಾಸ್ತ್ರ ಅಂತ ಯಾರೂ ಕೇಳ್ಲಿಲ್ಲ. ಎರಡನೇ ಪೆಟ್ಟಿಗೆ ನಂದು. ಹೋಟೆಲ್ ಬಾಗಿಲಲ್ಲಿ ಕಾವಲಿನವನು ಮಾವನ ಪಂಚೆ ನೋಡಿ ಕೈ ಅಡ್ಡ ಹಿಡಿದ. "ಸಾರ್, ವೇಷ್ಟಿ ನಾಟ್ ಅಲೌಡ್ ಸಾರ್." ಚಿಕ್ಕಮಾವ ಕಣ್ಣು ಮಿಟುಕಿಸದೆ, "ಇವರು ನಮ್ಮ ಚೀಫ್ ಮೆಕ್ಯಾನಿಕ್" ಅಂದ್ರು. ಹಂಗಾದ್ರೆ ಹಿಂದಿನ ಬಾಗಿಲು ಅಂದ ಅವನು. ಹೀಗೆ ನಮ್ಮ ಮಾವ, ಹಣೆ ತುಂಬ ನಾಮ, ಹೆಗಲ ಮೇಲೆ ಡಿಸ್ಕೋ, ಹೋಟೆಲ್ ಅಡುಗೆಮನೆಯ ಕೋಳಿ ವಾಸನೆ ಮಧ್ಯೆ ಉಸಿರು ಬಿಗಿಹಿಡಿದು ಹಾಲ್ ಪ್ರವೇಶ ಮಾಡಿದ್ರು.

ಮೂರಕ್ಕೆ ಹತ್ತು ನಿಮಿಷ. ಚಿಕ್ಕಮಾವ ಮೊದಲ ಕವರಿಂದ ರೆಕಾರ್ಡು ತೆಗೆದ್ರು. ಕವರ ಮೇಲೆ ಒಂದು ಹೆಸರು, ಒಳಗಿನ ಗೆರೆ ನೋಡಿದ್ರೆ ಇನ್ನೊಂದು. ಎರಡನೇದು ತೆಗೆದ್ರು. ಹಂಗೇ. ಹೆಸರು ನೋಡಣ ಅಂದ್ರೆ ಎಲ್ಲಾದರ ಮೇಲೂ ನನ್ನ ಗಂಧ ಕುಂಕುಮ, ಕೆಳಗಿನ ಕಾಗದ ಸೀಗೇಕಾಯಿಗೆ ಎದ್ದು ಬಂದಿದೆ. ಅವರು ನನ್ನ ಕಡೆ ತಿರುಗಿದ್ರು.

"ಏನಮ್ಮಾ ಮೈಸೂರು, ಎಲ್ಲರಿಗೂ ಒಂದೇ ಮುಖ ಮಾಡಿಟ್ಟಿದೀಯ?"

ನಾನು ಎಲ್ಲಾ ಒಪ್ಕೊಂಡೆ. ಹಪ್ಪಳ ಒಂದು ಬಿಟ್ಟು.

ಬೈತಾರೆ ಅಂದ್ಕೊಂಡ್ರೆ, ಅವರು ಒಂದನ್ನ ದೀಪಕ್ಕೆ ಓರೆಯಾಗಿ ಹಿಡಿದ್ರು. "ಗೆರೆ ನೋಡು. ಕಪ್ಪಗೆ ನುಣ್ಣಗಿರೋದು ಮೆತ್ತಗಿನ ಜಾಗ. ಒರಟಾಗಿ ಹೊಳೀತಿದ್ಯಲ್ಲ, ಅಲ್ಲಿ ಡ್ರಮ್ಸು." ಮಾವ ಹತ್ರ ಬಂದು ಬಗ್ಗಿದ್ರು. ಲೇತಿನ ಗೆರೆ ನೋಡಿ ನೋಡಿ ಪಳಗಿದ ಕಣ್ಣು. "ಇದು ಇಲ್ಲಿಂದ ಇಲ್ಲಿವರೆಗೂ ಒರಟು ಕಣೋ." "ಅದು ಫಾಸ್ಟ್. ಆ ಕಡೆ ಇಡಿ." "ಇದು ನುಣುಪು." "ಸ್ಲೋ. ಈ ಕಡೆ." ಅಣ್ಣ ತಮ್ಮ ತಲೆಗೆ ತಲೆ ತಾಗಿಸಿ ಎರಡು ರಾಶಿ ಮಾಡಿದ್ರು. ನಾನು ಲೈಟು ಹಿಡ್ಕೊಂಡಿದ್ದೆ. ಮಾವ ಒಂದು ಸಲಾನೂ ತಪ್ಪಲಿಲ್ಲ ಅಂತ ಚಿಕ್ಕಮಾವ ಈಗ್ಲೂ ಹೇಳ್ತಾರೆ.

ಮೂರು ಗಂಟೆಗೆ ಹಾಲಲ್ಲಿ ಏಳು ಜನ. ಅದ್ರಲ್ಲಿ ನಾವೇ ಮೂರು. ಮ್ಯಾನೇಜರು ಇಣುಕಿ ನೋಡಿ, "ಆರೂವರೆಗೆ ಬರ್ತೀನಿ, ನೋಡಣ" ಅಂತ ಹೋದ್ರು. ಮೂರೂವರೆಗೆ ಹದಿನೈದು. ಆಮೇಲೆ, ನಾಲ್ಕರ ಸುಮಾರಿಗೆ, ಅವರು ಬಂದ್ರು. ನಲವತ್ತರ ಹತ್ರ ಹತ್ರದ ಹೆಂಗಸರು. ರೇಷ್ಮೆ ಸೀರೆ, ಹಣೇಲಿ ಹಬ್ಬದ ಕುಂಕುಮ, ಜಡೆ ತುಂಬ ಮಲ್ಲಿಗೆ. ತಮ್ಮ ತಮ್ಮ ಮನೆ ಪೂಜೆ ಮುಗಿಸಿ, ಮಕ್ಕಳನ್ನೂ ಗಂಡನ್ನೂ ಎಳ್ಕೊಂಡು. ಹಿಂದೆ ಕಂಬೈನ್ಡ್ ಸ್ಟಡಿ ಮಾಡಿದ್ದ ಹುಡುಗೀರೇ! ಒಬ್ಬಾಕೆ ಚಿಕ್ಕಮಾವನ ಮೇಜಿನ ಹತ್ರ ಬಂದು ತಮಿಳಲ್ಲಿ, "ಇನ್ನೂ ಅದೇ ಮೀಸೆನಾ?" ಅಂದ್ರು. ಚಿಕ್ಕಮಾವ ನಾಚ್ಕೊಂಡಿದ್ದು ಅವತ್ತೇ ನಾನು ನೋಡಿದ್ದು. ಐದು ಗಂಟೆಗೆ ಕಾಲಿಡಕ್ಕೆ ಜಾಗ ಇಲ್ಲ.

ಆಗ ಒಂದು ರೆಕಾರ್ಡಿನ ಕೊನೇ ಹಾಡು ಮುಗೀತಾನೇ ಇಲ್ಲ. ಕೊನೇ ಬಡಿತ ಬರುತ್ತೆ, ಮುಳ್ಳು ವಾಪಸ್ ಹಾರುತ್ತೆ, ಮತ್ತೆ ಅದೇ ಬಡಿತ. ನನ್ನ ಗಂಧ! ಧಾರಾಳವಾಗಿ ಇಟ್ಟಿದ್ದೆನಲ್ಲ, ಗೆರೆಗೂ ಹರಿದು ಒಣಗಿತ್ತು. ನಾನು ಕಣ್ಣು ಮುಚ್ಕೊಂಡೆ. ಚಿಕ್ಕಮಾವ ಕೈ ಹಿಂದಕ್ಕೆ ಕಟ್ಕೊಂಡು ನಿಂತ್ರು, ತಾವೇ ಬೇಕಂತ ಮಾಡಿದ ಹಂಗೆ. ಜನ ಅದೇ ಬಡಿತಕ್ಕೆ ಕುಣೀತಾರೆ, ಕೂಗ್ತಾರೆ, ಕುಣೀತಾರೆ. ಒಬ್ಬ ಗಂಡಸು ಮಾತ್ರ ಸೊಂಟ ಹಿಡ್ಕೊಂಡು ಗೋಡೆಗೆ ಒರಗಿದ. ತಿರುಗಿ ನೋಡ್ತೀನಿ, ಮಾವನ ಹೆಬ್ಬೆರಳು ಚಪ್ಪಲಿ ಒಳಗೆ ತಾಳ ಹಾಕ್ತಾ ಇದೆ. ನಾನು ನೋಡಿದ್ದು ನೋಡಿ ನಿಲ್ಲಿಸಿದ್ರು. ಆ ರೆಕಾರ್ಡು ಒರೆಸಕ್ಕೆ ಚಿಕ್ಕಮಾವ ಆಮೇಲೆ ಯಾವತ್ತೂ ಬಿಡ್ಲಿಲ್ಲ.

ಐದೂ ಮುಕ್ಕಾಲಿಗೆ ಅಭ್ಯಾಸಬಲ. ಆ ಹಳೇ ನಿಧಾನದ ಹಾಡು ಹುಡುಕಿ ಹಾಕಿದ್ರು. ಅಷ್ಟೇ. ಇಬ್ಬಿಬ್ಬರು ಮಕ್ಕಳ ತಾಯಂದಿರು ಅಪ್ಪ ಬಾಗಿಲಲ್ಲಿ ಕಾಯ್ತಿದಾರೆ ಅನ್ನೋ ಹಂಗೆ ಚಪ್ಪಲಿ ಹುಡುಕಿದ್ರು. ಆರು ಗಂಟೆಗೆ ಹಾಲ್ ಖಾಲಿ. ಒಂದು ನರಪಿಳ್ಳೆ ಇಲ್ಲ.

ಆರೂವರೆಗೆ ಮ್ಯಾನೇಜರು ಬಂದ್ರು.

"ಏನು ಸಾರ್, ಯಾರೂ ಬರ್ಲಿಲ್ವಾ?"

ಚಿಕ್ಕಮಾವ ತಲೆ ಬಗ್ಗಿಸಿ ವೈರು ಬಿಚ್ಚಕ್ಕೆ ಶುರು ಮಾಡಿದ್ರು. ಬೇರೆಯವರ ಪರ ಆದ್ರೆ ಅರ್ಧ ಗಂಟೆ ವಾದ ಮಾಡೋ ಮನುಷ್ಯ. ಆಗ ಮಾವ ಮುಂದೆ ಬಂದ್ರು, ಪಂಚೆ ಸರಿ ಮಾಡ್ಕೊಂಡು, ಇನ್‌ಸ್ಪೆಕ್ಷನ್ನಿಗೆ ಬಂದ ಆಫೀಸರಿಗೆ ರಿಪೋರ್ಟ್ ಕೊಡೋ ದನೀಲಿ: "ಫುಲ್ ಲೋಡ್ ಸಾರ್. ನೆಲ ನೋಡಿ."

ನೆಲದ ತುಂಬ ಮಲ್ಲಿಗೆ. ತುಳಿದು ಬಾಡಿದ ಮಲ್ಲಿಗೆ, ಮೂಲೆಯಿಂದ ಮೂಲೆಗೆ. ನಡುನಡುವೆ ಕನಕಾಂಬರ, ಹೇರ್‌ಪಿನ್ನು, ಕಿತ್ತು ಹೋದ ಒಂಟಿ ಚಪ್ಪಲಿ. ಮ್ಯಾನೇಜರು ಬಗ್ಗಿ ಒಂದು ಹೇರ್‌ಪಿನ್ ಎತ್ಕೊಂಡ್ರು. "ಇದೇನು ಸಾರ್, ಕಲ್ಯಾಣ ಮಂಟಪನಾ?"

"ಆರು ಗಂಟೆಗೆ ಜಾಗ ಖಾಲಿ ಮಾಡಿ ಕೊಡ್ತಾನೆ ನನ್ನ ತಮ್ಮ" ಅಂದ್ರು ಮಾವ. "ಆಮೇಲೆ ನೀವು ಬಫೆ ಬೇಕಾದ್ರೂ ಮಾಡ್ಕೊಳ್ಳಿ. ಇವನ ಕೆಲಸ ಯಾವತ್ತೂ ಟೈಮಿಗೆ ಸರಿಯಾಗಿ."

ಕೆಲಸ ಅಂದ್ರು. ಚಿಕ್ಕಮಾವ ವೈರು ಸುತ್ತೋ ನೆಪದಲ್ಲಿ ಮೇಜಿನ ಕೆಳಗೆ ಕೂತವರು ಸುಮಾರು ಹೊತ್ತು ಏಳಲೇ ಇಲ್ಲ.

ಭಾನುವಾರಗಳು ಸಿಕ್ಕಿದ್ವು. ಆ ಹೋಟೆಲ್ ಕೈ ಬದಲಾಗೋವರೆಗೂ ನಾಲ್ಕು ವರ್ಷ ನಡೀತು. ಮಂಚದ ಕೆಳಗಿನ ಹಪ್ಪಳ ಮುಂದಿನ ವರ್ಷ ಸುಣ್ಣ ಹೊಡೆಸುವಾಗ ಸಿಕ್ತು. ಅದು ಚಿಕ್ಕಮಾವ ಕೊಂಡ ಮೊಟ್ಟಮೊದಲನೇ ರೆಕಾರ್ಡಂತೆ. ಬೈಲಿಲ್ಲ. ಅದರಲ್ಲಿ ಬೀಗದ ಕೈ ಹಾಕಿಡ್ತಾರೆ, ಇವತ್ತಿಗೂ. ಯಾರಾದ್ರೂ ಕೇಳಿದ್ರೆ "ಮೈಸೂರು ಅಡುಗೆ" ಅಂತಾರೆ. ಆಯುಧಪೂಜೆಗೆ ರೆಕಾರ್ಡಿಗೆ ಗಂಧ ಇಡೋದು ಈಗ ಮಾವಂದೇ ಕೆಲಸ. ಕನ್ನಡಕ ಹಾಕ್ಕೊಂಡು, ಊದುಬತ್ತಿ ಕಡ್ಡೀಲಿ, ಸಾಸಿವೆಯಷ್ಟು. ನನ್ನ ಕೈಗೆ ಬಟ್ಟಲೇ ಕೊಡಲ್ಲ. ನಿಂಬೆಹಣ್ಣು ತುಳಿಯೋದು ಅತ್ತೆ.

ಈಗ ನಿಮ್ಮ ಸರದಿ. ಇಷ್ಟುದ್ದ ಓದಿ ಬರೀ ಹಾರ್ಟ್ ಒತ್ತಿ ಹೋಗ್ಬೇಡಿ. ನಿಮ್ಮನೇಲೂ ಇರ್ತಾರೆ, ವರ್ಷಾನುಗಟ್ಲೆ ಮೈ ಮುರಿದು ದುಡಿದ್ರೂ "ಅದೂ ಒಂದು ಕೆಲಸಾನಾ" ಅನ್ನಿಸ್ಕೊಂಡೋರು. ಅವರ ಸಾಮಾನನ್ನ ನಿಮ್ಮನೇಲಿ ಮೊದಲು ದೇವರ ಮುಂದೆ ಇಟ್ಟಿದ್ದು ಯಾರು? ಏನು ಇಟ್ರು, ಎಷ್ಟು ಜಗಳ ಆಯ್ತು? ಕೆಳಗೆ ಬರೀರಿ. ಅದರ ಜೊತೆ ಏನಾದ್ರೂ ಹಪ್ಪಳ ಮಾಡಿದ್ರೆ ಅದನ್ನೂ ಬರೀರಿ, ನಾನೊಬ್ಬಳೇ ಅಲ್ಲ ಅಂತ ಸಮಾಧಾನ ಆಗುತ್ತೆ.